ಇಸ್ತಾಂಬುಲ್‌ನಲ್ಲಿ ಅಭ್ಯಂಜನ

ಅತ್ತೆ ಸೊಸೆಯರ ಜಗಳ ಶುರುವಾಗುವುದು ಅಡಿಗೆಮನೆಯಲ್ಲಿ ಎಂದು ಎಲ್ಲರೂ ನಂಬಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ನಾನು ಮಾಡುವ ಸಾರಿನ ಬಗ್ಗೆ ನಮ್ಮತ್ತೆಗೆ ಯಾವ ತಕರಾರೂ ಇಲ್ಲ; ಅದನ್ನು ಸಾರು ಎಂದೇ ಅವರು ಒಪ್ಪಿಕೊಂಡಿಲ್ಲವಾದ್ದರಿಂದ ತಕರಾರಿಗೆ ಆಸ್ಪದವಿಲ್ಲ. ನಮ್ಮ ಜಗಳವೆಲ್ಲ ಬಚ್ಚಲಿನದು. ಇದು ನಾಲ್ಕು ಜನರೆದುರು ಹೇಳಿಕೊಳ್ಳುವ ವಿಷಯವಲ್ಲ, ಆದರೆ ಇಡೀ ತುಮಕೂರಿಗೆ ಗೊತ್ತಾದ ಮೇಲೆ ನಿಮ್ಮೊಬ್ಬರಿಂದ ಮುಚ್ಚಿಟ್ಟು ಏನು ಪ್ರಯೋಜನ?

ಎರಡು ಸಾವಿರದ ಐದರ ಸುಮಾರಿನಲ್ಲಿ ಅವರು ತುಮಕೂರಿನಿಂದ ಅಮೇರಿಕದ ಸ್ಯಾನ್ ಡಿಯೇಗೊಗೆ, ಮೀರಾ ಮೆಸಾದ ನಮ್ಮ ಅಪಾರ್ಟ್‌ಮೆಂಟಿಗೆ ಆರು ತಿಂಗಳ ಮಟ್ಟಿಗೆ ಬಂದರು. ಮೊದಲ ದಿನ ಬೆಳಿಗ್ಗೆ ಶವರ್ ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಹೊರಬಂದು, "ಸರಿ, ಈಗ ಸ್ನಾನಕ್ಕೆ ನೀರೆಲ್ಲಿ?" ಎಂದರು. ಅದೇ ಸ್ನಾನ ಎಂದೆ. "ಮಳೇಲಿ ನೆನೆದ್ರೆ ಸ್ನಾನ ಅಂತಾರೇನೇ ವೀಣಾ? ಮೈಯಿಂದ ಕೊಳೆ ಹೋಗ್ಬೇಡ್ವಾ?" ಎಂದು ಕೇಳಿದರು. ಅಲ್ಲಿಂದ ಶುರು. ದಿನಕ್ಕೆರಡು ಸಲ ಶವರ್ ಮಾಡಿ, ಹೂವಿನ ವಾಸನೆಯ ಸೋಪು ಬಳಿದುಕೊಂಡು ಬರುವ ನನ್ನನ್ನು ಹತ್ತಿರ ಕರೆದು ಮೂಸಿ, "ವಾಸನೆ ಹೋಗಿದೆ. ಕೊಳೆ ಹಾಗೇ ಇದೆ" ಎನ್ನುತ್ತಿದ್ದರು. ನಾನು ಕೆಲಸ ಮಾಡುವುದು ಟೆಲಿಕಾಂ ಕಂಪನಿಯೊಂದರಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ವಿಭಾಗದಲ್ಲಿ. ಸಾಕ್ಷಿಯಿಲ್ಲದೆ ತಪ್ಪು ಹೊರಿಸುವುದು ನಮ್ಮಲ್ಲಿ ಮಹಾಪರಾಧ. "ಎಲ್ಲಿದೆ ಕೊಳೆ? ತೋರಿಸಿ ಅತ್ತೆ, ಒಪ್ಕೋತೀನಿ" ಎಂದು ಸವಾಲು ಹಾಕಿದೆ. ಅವರಿಗೆ ತೋರಿಸಲಾಗಲಿಲ್ಲ, ನಾನು ಒಪ್ಪಲಿಲ್ಲ.

ಅವರು ತಮ್ಮ ಪದ್ಧತಿಯನ್ನು ಬಿಟ್ಟುಕೊಡಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಬಣ್ಣ ಬಳಿಯುವವರ ಬಕೆಟ್ ತರಿಸಿದರು. ಚೊಂಬು ಎಲ್ಲೂ ಸಿಗದೆ ನಾನು ಅಕ್ಕಿ ಅಳೆಯುವ ಪ್ಲಾಸ್ಟಿಕ್ ಜಗ್ಗು ಬಚ್ಚಲು ಸೇರಿತು. ಶನಿವಾರ ಹರಳೆಣ್ಣೆ, ಆಮೇಲೆ ಸೀಗೆಪುಡಿ. ಒಂದು ಶನಿವಾರ ನೀರು ಹೋಗುವ ಪೈಪು ಕಟ್ಟಿಕೊಂಡಿತು. ರಿಪೇರಿಗೆ ಬಂದವನು ಒಳಗಿನಿಂದ ಕಂದು ಬಣ್ಣದ ಮುದ್ದೆಯೊಂದನ್ನು ತೆಗೆದು, ಮೂಸಿ, ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಏನೂ ಕೇಳದೆ ಹೊರಟುಹೋದ. ಈ ಚರ್ಚೆ ಎದ್ದಾಗಲೆಲ್ಲ ನಮ್ಮ ಯಜಮಾನರು ಕಾರು ತೊಳೆಯಲು ಹೋಗುತ್ತಿದ್ದರು. ಆ ಆರು ತಿಂಗಳು ಮೀರಾ ಮೆಸಾದಲ್ಲಿ ನಮ್ಮ ಕಾರಿನಷ್ಟು ಶುಭ್ರವಾದ ವಸ್ತು ಇನ್ನೊಂದಿರಲಿಲ್ಲ. ಡಿಸ್ನಿಲ್ಯಾಂಡಾಗಲಿ ಸಮುದ್ರವಾಗಲಿ ಅತ್ತೆಯ ಬಾಯಿಂದ ಒಂದು "ಚೆನ್ನಾಗಿದೆ" ಹೊರಡಿಸಲಿಲ್ಲ.

ಹೋಗುವಾಗ ಅವರನ್ನು ಬೆಂಗಳೂರಿಗೆ ಬಿಟ್ಟುಬರುವ ಕೆಲಸ ನನ್ನದಾಯಿತು. ದಾರಿಯಲ್ಲಿ ಇಸ್ತಾಂಬುಲ್‌ನಲ್ಲಿ ಇಳಿದು ಮೂರು ದಿನ ಇರೋಣ, ಹೋಗುವ ಮುಂಚೆ ಒಂದಾದರೂ ಒಳ್ಳೆಯ ಮಾತು ಕೇಳೋಣ ಎಂಬ ಆಸೆಯಿಂದ ಟಿಕೆಟ್ ಮಾಡಿಸಿದೆ. ಲಾಸ್ ಏಂಜಲೀಸ್ ಏರ್‌ಪೋರ್ಟಿಗೆ ಹೋಗುವಾಗ ಸೆರಿಟೋಸ್‌ನಲ್ಲಿ ನನ್ನ ಗೆಳತಿ ಶಾಹೀನ್ ಮನೆಯಲ್ಲಿ ಕಾಫಿಗೆ ನಿಂತೆವು. ಮೈಸೂರಿನವಳು, ಸ್ಯಾನ್ ಪೀಡ್ರೊ ಬಂದರಿನ ಹಡಗು ಕಂಪನಿಯೊಂದರಲ್ಲಿ ಕೆಲಸ. ಆಫೀಸಿನ ಕೆಲಸದ ಮೇಲೆ ಇಸ್ತಾಂಬುಲ್ ನೋಡಿಬಂದಿದ್ದಳು. "ಮಸೀದಿ ನೋಡು, ಅರಮನೆ ನೋಡು, ಆದ್ರೆ ಹಮಾಮ್ ಅಂತ ಸ್ನಾನದ ಮನೆ ಇರುತ್ತೆ, ಅಲ್ಲಿಗೆ ಹೋಗ್ದೆ ಮಾತ್ರ ಬರ್ಬೇಡ ಕಣೇ. ಬಿಸಿ ಕಲ್ಲಿನ ಮೇಲೆ ಮಲಗಿಸಿ, ತಿಕ್ಕಿ ತಿಕ್ಕಿ ಹೊಸಾ ಚರ್ಮ ಕೊಟ್ಟು ಕಳಿಸ್ತಾರೆ" ಎಂದಳು. ಸೋಫಾದ ಮೇಲೆ ತೂಕಡಿಸುತ್ತಿದ್ದ ಅತ್ತೆ ಕಣ್ಣು ಬಿಟ್ಟರು.

"ತಿಕ್ತಾರಾ?"

"ಹೂಂ ಆಂಟಿ. ಅಡಿಯಿಂದ ಮುಡೀವರೆಗೂ."

"ಹೋಗೋಣ" ಎಂದರು ಅತ್ತೆ. ಅಮೇರಿಕಕ್ಕೆ ಬಂದ ಮೇಲೆ ಅವರಾಗಿಯೇ ಹೋಗೋಣ ಎಂದದ್ದು ಅದೊಂದಕ್ಕೇ, ಅದೂ ಅಮೇರಿಕದಲ್ಲಿರಲಿಲ್ಲ.

ಇಸ್ತಾಂಬುಲ್‌ನಲ್ಲಿ ನೀಲಿ ಹೆಂಚಿನ ಮಸೀದಿಯನ್ನು ಅತ್ತೆ ಕತ್ತೆತ್ತಿ ಒಮ್ಮೆ ನೋಡಿದರು. ಚಿಕ್ಕ ಗಾಜಿನ ಲೋಟದಲ್ಲಿ ಕೊಟ್ಟ ಹಾಲಿಲ್ಲದ ಚಹಾವನ್ನು ಔಷಧಿಯೆಂದು ತಿಳಿದು ಒಂದೇ ಗುಟುಕಿಗೆ ಮುಗಿಸಿದರು. ಮನಸ್ಸೆಲ್ಲ ಹಮಾಮಿನ ಮೇಲೆ. ಎರಡನೆಯ ದಿನ ನಾನು ತಿಂಡಿ ಮುಗಿಸಿ ಹೋಟೆಲ್ ರೂಮಿಗೆ ಬಂದರೆ, ಅವರು ಮಂಚದ ತುದಿಯಲ್ಲಿ ಕೂತು ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ಹಚ್ಚಿಕೊಂಡು ಮುಗಿಸಿದ್ದರು.

"ಅತ್ತೆ! ಏನಿದು?"

"ಬಿಸಿನೀರಿನ ಸ್ನಾನಕ್ಕೆ ಎಣ್ಣೆ ಹಚ್ಕೊಳ್ದೆ ಯಾರಾದ್ರೂ ಹೋಗ್ತಾರಾ? ಬಾ ಇಲ್ಲಿ, ನಿನಗೂ ಹಚ್ತೀನಿ."

"ನನಗೆ ಬೇಡ. ಅವರ ಪದ್ಧತಿ ಬೇರೆ" ಎಂದು ದೂರ ನಿಂತೆ. ಆಮೇಲೆ ಆದದ್ದಕ್ಕೆಲ್ಲ ಈ ಮಾತೇ ಮೂಲ.

ಹಳೆಯ ಸೀರೆ ಸುತ್ತಿಕೊಂಡ ಅತ್ತೆಯನ್ನು ಕರೆದುಕೊಂಡು ಹೊರಟೆ. ಆ ಬೀದಿಯ ಕಾರ್ಪೆಟ್ ಅಂಗಡಿಯವರು ದಾರಿಹೋಕರನ್ನು ಬಿಡುವುದಿಲ್ಲ. ಒಳಗೆ ಕರೆದು, ಕಾರ್ಪೆಟ್ಟಿನ ಮೇಲೆ ಕೂರಿಸಿ, ಚಹಾ ಕೊಟ್ಟೇ ಕಳಿಸುತ್ತಾರೆ. ಹಿಂದಿನ ದಿನ ಅವರಿಂದ ತಪ್ಪಿಸಿಕೊಳ್ಳುವುದೇ ಕಷ್ಟವಾಗಿತ್ತು. ಇವತ್ತು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದ ನಮ್ಮತ್ತೆಯನ್ನು ಕಂಡು ಒಬ್ಬನೂ ಕೂತುಕೊಳ್ಳಿ ಎನ್ನಲಿಲ್ಲ. ಒಬ್ಬ ಎದ್ದು ಬಾಗಿಲಿಗೆ ಅಡ್ಡ ನಿಂತ.

ಹೆಂಗಸರ ಹಮಾಮಿನಲ್ಲಿ ಗುಮ್ಮಟದ ಕೆಳಗೆ ದೊಡ್ಡ ಅಮೃತಶಿಲೆಯ ಜಗಲಿ, ಸುತ್ತ ಕಲ್ಲಿನ ತೊಟ್ಟಿಗಳು, ಪ್ರತಿ ತೊಟ್ಟಿಯಲ್ಲೂ ಮೊಗೆದು ಸುರಿದುಕೊಳ್ಳಲು ಒಂದೊಂದು ಲೋಹದ ಬಟ್ಟಲು. ಅತ್ತೆ ಬಟ್ಟಲನ್ನು ಕೈಗೆತ್ತಿಕೊಂಡರು. "ನೋಡು, ಚೊಂಬು! ಇವರು ಬದುಕೋದು ಕಲ್ತಿದಾರೆ" ಎಂದರು. ಮೈಮೇಲಿನದನ್ನು ತೆಗೆದು, ಕೊಟ್ಟ ಚೌಕಳಿ ಬಟ್ಟೆ ಸುತ್ತಿಕೊಂಡು, ಅದೂ ಜಾರಿದಾಗ ಅಲ್ಲೇ ಬಿಟ್ಟು, ತುಮಕೂರಿನ ಮನೆಯಲ್ಲಿ ಓಡಾಡಿದಂತೆ ಓಡಾಡಿದರು. ಹದಿಮೂರು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿರುವ ನಾನು ಬೀಚಿಗೆ ಹಾಕುವ ಈಜುಡುಗೆ ತೊಟ್ಟು, ಅದರ ಮೇಲೆ ಎರಡು ಟವೆಲ್ ಹೊದ್ದು, ಕಂಬದ ಪಕ್ಕ ನಿಂತಿದ್ದೆ. "ಬಚ್ಚಲಲ್ಲಿ ಎಂಥಾ ನಾಚಿಕೆಯೇ?" ಎಂದರು ಅತ್ತೆ.

ಮೈ ತಿಕ್ಕುವ ಹೆಂಗಸು ಬಂದಳು. ದೊಡ್ಡ ಮೈಕಟ್ಟು, ಕೈಗೆ ಗವಸಿನಂತೆ ತೊಟ್ಟ ಒರಟು ಬಟ್ಟೆಯ ಚೀಲ. ಮೊದಲು ಅತ್ತೆಯನ್ನು ಮಲಗಿಸಿ ಭುಜದ ಮೇಲೆ ಕೈಯಿಟ್ಟು ಎಳೆದಳು. ಕೈ ಭುಜದಿಂದ ಹೊರಟು ಸೀದಾ ಜಗಲಿಯ ಆಚೆ ಹೋಯಿತು. ಇನ್ನೊಮ್ಮೆ ಎಳೆದಳು. ಬಿಸಿನೀರು ಸುರಿದಳು. ಹರಳೆಣ್ಣೆ ನೀರಿಗೆ ಹೆದರುವ ಪೈಕಿಯಲ್ಲ. ಜೊತೆಗಾರ್ತಿಯನ್ನು ಕರೆದಳು, ಇಬ್ಬರೂ ಟರ್ಕಿ ಭಾಷೆಯಲ್ಲಿ ಬಹಳ ಹೊತ್ತು ಸಮಾಲೋಚಿಸಿದರು. ಚೀಲ ತಿರುಗಿಸಿ ನೋಡಿದರೆ ಬಟ್ಟೆ ಹೊಸದರಂತೆ ಇತ್ತು. ಅತ್ತೆ ಮಲಗಿದಲ್ಲಿಂದಲೇ ನನಗೆ ಹೇಳಿದರು: "ಕೊಳೆ ಹುಡುಕ್ತಾ ಇದಾಳೆ, ಪಾಪ. ಸಿಗ್ತಾ ಇಲ್ಲ."

ಆಮೇಲೆ ನನ್ನ ಸರದಿ. ಮೊದಲ ಎಳೆತಕ್ಕೇ ನನ್ನ ತೋಳಿನಿಂದ ಬೂದುಬಣ್ಣದ ಎಳೆಗಳು ಎದ್ದವು, ಮಣೆಯ ಮೇಲೆ ಶಾವಿಗೆ ಹೊಸೆದ ಹಾಗೆ. ಆ ಹೆಂಗಸಿಗೆ ಹೋದ ಜೀವ ಬಂತು. ಉಜ್ಜಿದಳು, ಉಜ್ಜಿದಳು, ಕೊನೆಗೆ ನನ್ನ ತೋಳನ್ನೆತ್ತಿ ಅತ್ತೆಯ ಕಡೆ ಹಿಡಿದು ತೋರಿಸಿದಳು. ಅತ್ತೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಅದು ಕೊಳೆಯಲ್ಲ, ಸತ್ತ ಚರ್ಮ, ಯಾರಿಗೆ ತಿಕ್ಕಿದರೂ ಬರುತ್ತದೆ ಎಂದು ನನಗೆ ಗೊತ್ತು. ಎಣ್ಣೆಯ ಮೇಲೆ ಚೀಲಕ್ಕೆ ಹಿಡಿತ ಸಿಗದೆ ಅವರ ಮೈಯಿಂದ ಬರಲಿಲ್ಲ ಎಂದೂ ಗೊತ್ತು. ಇಷ್ಟು ದೋಷಪೂರಿತ ಪರೀಕ್ಷೆಯನ್ನು ನಮ್ಮ ಆಫೀಸಿನಲ್ಲಿ ಯಾರಾದರೂ ಮಾಡಿದ್ದರೆ ನಾನೇ ಅವರನ್ನು ಕರೆದು ಬೈಯುತ್ತಿದ್ದೆ.

"ಅತ್ತೆ, ಅದು ಏನಂದ್ರೆ, ನೀವು ಎಣ್ಣೆ..."

ಅವರು ಗೆದ್ದೆ ಎನ್ನಲಿಲ್ಲ. ನಗಲೂ ಇಲ್ಲ. "ಹೋಗ್ಲಿ ಬಿಡು. ಒಬ್ಬಳೇ ಏನು ತಾನೇ ಮಾಡ್ಕೋತೀಯ" ಎಂದು ಆ ಹೆಂಗಸಿನ ಕೈಯಿಂದ ಚೀಲ ಕಿತ್ತುಕೊಂಡು ತಮ್ಮ ಕೈಗೆ ಹಾಕಿಕೊಂಡರು. "ಬೆನ್ನು ತಿರುಗಿಸು." ತಿರುಗಿಸಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ನಮಸ್ಕಾರ ಮಾಡಿದಾಗ ತಲೆಯ ಮೇಲಿಟ್ಟದ್ದು ಬಿಟ್ಟರೆ ಅವರ ಕೈ ನನ್ನನ್ನು ಮುಟ್ಟಿರಲಿಲ್ಲ. ಚಿಕ್ಕವಳಿದ್ದಾಗ ಅಮ್ಮ ಉಜ್ಜುತ್ತಿದ್ದಷ್ಟೇ ಗಟ್ಟಿಯಾಗಿ ಉಜ್ಜಿದರು, ಅಷ್ಟೇ ಬೈದರು. ಹಿತವಾಗಿತ್ತು. ಎಣ್ಣೆಯ ವಿವರಣೆ ಆಮೇಲಾಯಿತೆಂದು ಬೆನ್ನನ್ನು ಇನ್ನಷ್ಟು ಬಾಗಿಸಿಕೊಟ್ಟೆ. ಹೊರಗೆ ಬಂದು ಚಹಾ ಕುಡಿಯುತ್ತ ಅತ್ತೆ "ಚೆನ್ನಾಗಿತ್ತು" ಎಂದರು.

ನಾನು ಸ್ಯಾನ್ ಡಿಯೇಗೊಗೆ ಮರಳುವಷ್ಟರಲ್ಲಿ ತುಮಕೂರಿನ ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿತ್ತು. "ಅವಳದ್ದೇನು ತಪ್ಪಿಲ್ಲ, ಆ ದೇಶದ ಬಚ್ಚಲೇ ಹಾಗೆ" ಎಂದು ಅತ್ತೆ ನನ್ನ ಪರ ವಹಿಸಿ ಮಾತಾಡುತ್ತಿದ್ದಾರಂತೆ. ಇದನ್ನು ಹೀಗೇ ಬಿಡಬಾರದೆಂದು ಯಜಮಾನರಿಗೆ ಚರ್ಮ, ಎಣ್ಣೆ, ಹಿಡಿತ ಎಲ್ಲವನ್ನೂ ವಿವರಿಸಿದೆ. "ಅಮ್ಮಂಗೆ ಫೋನ್ ಮಾಡಿ ಹೇಳು" ಎಂದು ಅವರು ಕಾರಿನ ಕೀ ತೆಗೆದುಕೊಂಡರು. ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬೆನ್ನು ಹೇಗಿದ್ಯೇ? ಯಾರು ಉಜ್ತಾರೆ ಅಲ್ಲಿ ನಿನಗೆ? ಬೇಸಿಗೆಗೆ ಮತ್ತೆ ಬರ್ಲಾ?" ಎಂದು ಕೇಳಿದರು.

ಟಿಕೆಟ್ ನಾನೇ ಬುಕ್ ಮಾಡಿದೆ. ಸತ್ಯ ನನ್ನ ಕಡೆಗಿದೆ, ನಿಜ. ಆದರೆ ಬೆನ್ನಿಗೆ ನನ್ನ ಕೈ ಎಟಕುವುದಿಲ್ಲ.