ಹಲ್ಲಿನ ಡಾಕ್ಟರ ಒಂಟಿ ಹಾರಾಟ

ಎಲ್ಲದಕ್ಕೂ ಕಾರಣ ಒಂದು ಮಾರುದ್ದದ ವೈರು. ಅದನ್ನು ತಂದುಕೊಟ್ಟ ಪುಣ್ಯಾತ್ಮ ಹಲ್ಲಿನ ಡಾಕ್ಟರ ಭಾವಮೈದುನ.

"ಭಾವ, ಮಾಸ್ತರು ಹೇಳಿದ್ದು ನಿಮ್ಮ ತಲೇಲಿ ನಿಲ್ಲಲ್ಲ, ಒಪ್ಪಿದೆ. ಫೋನಿನ ತಲೇಲಿ ನಿಲ್ಲತ್ತಲ್ಲ? ಇದರ ಒಂದು ತುದಿ ನಿಮ್ಮ ಹೆಡ್‌ಫೋನಿಗೆ, ಒಂದು ವಿಮಾನಕ್ಕೆ, ಇನ್ನೊಂದು ಫೋನಿಗೆ. ಒಳಗೆ ನೀವಿಬ್ರೂ ಆಡಿದ ಮಾತೆಲ್ಲ ರೆಕಾರ್ಡ್ ಆಗತ್ತೆ. ಬೇಕಾದಾಗ ಇದೇ ವೈರಲ್ಲಿ ಹಾಕ್ಕೊಂಡು ಕೇಳ್ಬಹುದು."

ಡಾಕ್ಟರು ಹಾರಾಟ ಕಲಿಯಲು ಕ್ಲಬ್ಬಿಗೆ ಸೇರಿ ಹನ್ನೊಂದು ತಿಂಗಳಾಗಿತ್ತು. ಅವರ ನಂತರ ಸೇರಿದವರೆಲ್ಲ ಒಬ್ಬೊಬ್ಬರೇ ವಿಮಾನ ಹಾರಿಸಿ, ಇಳಿಸಿ, ಹಾರ ಹಾಕಿಸಿಕೊಂಡು ಕ್ಲಬ್ಬಿನ ಗೋಡೆಯ ಮೇಲೆ ಫೋಟೋ ಆಗಿದ್ದರು. ಡಾಕ್ಟರ ಪಕ್ಕದ ಸೀಟಿನಿಂದ ಮಾತ್ರ ಮಾಸ್ತರು ಇಳಿಯುವ ಲಕ್ಷಣವೇ ಇರಲಿಲ್ಲ. ತಪ್ಪು ಮಾಸ್ತರದ್ದಲ್ಲ. ನೆಲದ ಮೇಲೆ ಡಾಕ್ಟರು ಬುದ್ಧಿವಂತರೇ; ಚಕ್ರ ನೆಲ ಬಿಟ್ಟ ಕೂಡಲೇ ಹೇಳಿದ್ದೆಲ್ಲ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಗುತ್ತಿತ್ತು. ಕಳೆದ ವಾರ ಮಾಸ್ತರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಶನಿವಾರ ಕೊನೇ ಅವಕಾಶ. ಬೆಳಿಗ್ಗೆ ಪಾಠ, ಸಂಜೆ ಪರೀಕ್ಷೆ. ಒಬ್ಬರೇ ಹಾರಿದ್ರೆ ಸರಿ, ಇಲ್ಲಾಂದ್ರೆ ಮೊದಲನೇ ಪಾಠದಿಂದ ಶುರು."

ಶನಿವಾರ ಬೆಳಿಗ್ಗೆ ಡಾಕ್ಟರು ವೈರನ್ನು ಅಂಗಿಯೊಳಗೆ ಬಿಟ್ಟುಕೊಂಡು ಹೊರಟರು. ಮಾಸ್ತರನ್ನು ಒಂದು ಮಾತು ಕೇಳಿ ಸಿಕ್ಕಿಸಬಹುದಿತ್ತು. ಆದರೆ ಮಾಸ್ತರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಡಾಕ್ಟರಿಗೆ ಧೈರ್ಯ ಸಾಲಲಿಲ್ಲ. ಅವರು ರೆಕ್ಕೆಯೊಳಗಿನ ಪೆಟ್ರೋಲು ಬಗ್ಗಿ ನೋಡುತ್ತಿದ್ದಾಗ ಇವರು ಕಳ್ಳನಂತೆ ವೈರು ಸಿಕ್ಕಿಸಿ, ಫೋನನ್ನು ಜೇಬಿಗೆ ಇಳಿಬಿಟ್ಟರು.

ಪಾಠ ಎಂದಿನಂತೆಯೇ ನಡೆಯಿತು. ಅಂದರೆ ಮಾಸ್ತರು ಕೂಗಿದರು, ಡಾಕ್ಟರು ಬೆವರಿದರು. ಕೆಳಗಿಳಿದಾಗ ಡಾಕ್ಟರಿಗೆ ಒಂದಕ್ಷರವೂ ನೆನಪಿರಲಿಲ್ಲ. ಫೋನಿಗೆ ಎಲ್ಲವೂ ನೆನಪಿತ್ತು.

ಸಂಜೆಯೊಳಗೆ ಅದನ್ನು ಬಾಯಿಪಾಠ ಮಾಡಬೇಕಿತ್ತು, ಕ್ಲಿನಿಕ್ಕನ್ನೂ ನಡೆಸಬೇಕಿತ್ತು. ಡಾಕ್ಟರು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತರು. ಕುರ್ಚಿಯಲ್ಲಿ ನಿವೃತ್ತ ಜಡ್ಜರು ಬಾಯಿ ತೆರೆದು ಮಲಗಿದ್ದರು. ಡಾಕ್ಟರು ಡ್ರಿಲ್ಲು ಎತ್ತಿಕೊಂಡು ಬಗ್ಗಿದ್ದೇ ತಡ, ಇಯರ್‌ಫೋನಿನ ವೈರು ಕುರ್ಚಿಯ ತೋಳಿಗೆ ಸಿಕ್ಕಿ ಫೋನಿನಿಂದ ಕಿತ್ತುಬಂತು. ಮಾಸ್ತರ ಧ್ವನಿ ಕೋಣೆಯೆಲ್ಲ ತುಂಬಿತು.

"ಎಷ್ಟು ಸಲ ಹೇಳ್ಬೇಕ್ರೀ? ಅದನ್ನ ಮುಟ್ಟಬೇಡಿ! ಇಬ್ಬರನ್ನೂ ಸಾಯಿಸ್ತೀರಾ? ಕೈ ತೆಗೀರಿ, ನಾನೇ ಇಳಿಸ್ತೀನಿ!"

ಜಡ್ಜರು ಬಾಯಲ್ಲಿದ್ದ ಹತ್ತಿಯ ಸಮೇತ ಎದ್ದು ಕೂತರು.

"ಯಾರ್ರೀ ಅದು ಮಾತಾಡಿದ್ದು?"

"ಅದು... ನಮ್ಮ ಮಾಸ್ತರು ಸರ್. ನಾನು ಕಲೀತಾ ಇದ್ದೀನಿ."

"ಇನ್ನೂ ಕಲೀತಾ ಇದ್ದೀರಾ! ಮೂವತ್ತು ವರ್ಷದಿಂದ ನನ್ನ ಹಲ್ಲು ಕೀಳ್ತಿದ್ದೀರಲ್ರೀ! ಆ ಮಾಸ್ತರನ್ನೇ ಕರೆಸಿ. ಧ್ವನಿ ಕೇಳಿದ್ರೇನೇ ತಿಳಿದವರು ಅನ್ಸತ್ತೆ."

ಹೊರಗಿನ ಬೆಂಚಿನಲ್ಲಿ ಕೂತಿದ್ದ ಮೂವರೂ ನೋವು ಹೋಯಿತೆಂದು ನರ್ಸಮ್ಮನಿಗೆ ಹೇಳಿ ಜಾಗ ಖಾಲಿ ಮಾಡಿದರು. "ಹೀಗೇ ಆದ್ರೆ ನಾನೂ ಬೇರೆ ಕೆಲಸ ನೋಡ್ಕೋಬೇಕು," ಎಂದು ನರ್ಸಮ್ಮ ಗೊಣಗಿದಳು. ಕ್ಲಿನಿಕ್ಕು ಖಾಲಿಯಾದದ್ದರಿಂದ ಒಂದು ಲಾಭವಾಯಿತು. ಡಾಕ್ಟರು ಒಬ್ಬರೇ ಕೂತು ಪಾಠವನ್ನು ಹನ್ನೆರಡು ಸಲ ಕೇಳಿದರು.

ಸಂಜೆ ಅವರಿಗೆ ಯಾರೋ ಬೇರೆಯವರ ಕೈ ಬಂದಂತಿತ್ತು. ಮಾಸ್ತರು ಬಾಯಿ ತೆರೆಯುವ ಮೊದಲೇ ವಿಮಾನದ ಮೂಗು ಇಳಿಯುತ್ತಿತ್ತು, ವೇಗ ತಗ್ಗುತ್ತಿತ್ತು. ಎರಡು ಸುತ್ತಿನಲ್ಲಿ ಮಾಸ್ತರಿಗೆ ಬೈಯಲು ಒಂದು ನೆಪವೂ ಸಿಗಲಿಲ್ಲ. ರನ್‌ವೇಯ ಆ ಕೊನೆಯಲ್ಲಿ ವಿಮಾನ ನಿಲ್ಲಿಸಲು ಹೇಳಿ ಬಾಗಿಲು ತೆಗೆದು ಇಳಿದರು.

"ಒಂದೇ ಸುತ್ತು ಹೋಗ್ಬನ್ನಿ. ನಾನು ಇಲ್ಲೇ ಹುಲ್ಲಿನ ಮೇಲೆ ನಿಂತಿರ್ತೀನಿ."

ಬಾಗಿಲು ಮುಚ್ಚಿತು. ಪಕ್ಕದ ಸೀಟು ಖಾಲಿ. ಹನ್ನೊಂದು ತಿಂಗಳು ಯಾವ ಧ್ವನಿಗೆ ನಡುಗಿದ್ದರೋ ಈಗ ಅದು ಇಲ್ಲವೆಂದು ಡಾಕ್ಟರಿಗೆ ಇನ್ನಷ್ಟು ನಡುಕ ಹತ್ತಿತು. ತಲೆಯೊಳಗಿನ ಪಾಠ ಒರೆಸಿಹಾಕಿದಂತೆ ಮಾಯವಾಯಿತು. ತಡವರಿಸುತ್ತ ವೈರು ಸಿಕ್ಕಿಸಿ, ಬೆಳಗಿನ ರೆಕಾರ್ಡಿಂಗ್ ಹಾಕಿದರು. ಹಿಡಿಕೆಯ ಮೇಲಿನ ರೇಡಿಯೋ ಗುಂಡಿ ಒತ್ತಿ "ಹೊರಟೆ" ಎಂದರು. ಹಾಗೆ ಹಿಡಿದ ಹಿಡಿಕೆಯನ್ನು ಮತ್ತೆ ಸಡಿಲಿಸಿದ್ದು ನೆಲಕ್ಕೆ ಇಳಿದ ಮೇಲೆಯೇ.

"ಮೂಗು ಇಳಿಸಿ!" ಎಂದರು ಕಿವಿಯೊಳಗಿನ ಮಾಸ್ತರು.

"ಇಳಿಸಿದೀನಿ ಸರ್."

"ನಿದ್ದೆ ಮಾಡ್ತಿದೀರಾ? ಎಡಕ್ಕೆ!"

"ಎಡಕ್ಕೇ ಸರ್."

ಬೈಗುಳದ ಭರವಸೆಯಲ್ಲಿ ಡಾಕ್ಟರು ಸುತ್ತು ಮುಗಿಸಿದರು. ವಿಮಾನ ಅಟ್ಟದಿಂದ ಬೆಕ್ಕು ಇಳಿದಷ್ಟು ಮೆತ್ತಗೆ ನೆಲ ಮುಟ್ಟಿತು. ಅವರ ಕಣ್ಣು ತುಂಬಿಬಂತು. ಬದುಕಿನಲ್ಲಿ ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ. ಮಾಸ್ತರು ಓಡಿ ಬಂದು ಪಕ್ಕದಲ್ಲಿ ಕೂತು, ಬೆನ್ನು ತಟ್ಟಿ, "ಗೆದ್ರಿ ಕಣ್ರೀ!" ಎಂದರು. ಇಬ್ಬರೂ ಶೆಡ್ಡಿನ ಕಡೆ ವಿಮಾನ ಉರುಳಿಸಿಕೊಂಡು ಬಂದರು.

ಶೆಡ್ಡಿನ ಮುಂದೆ ಕ್ಲಬ್ಬಿನ ಮುಖ್ಯಸ್ಥರೇ ನಿಂತಿದ್ದರು. "ಎಂಥ ಲ್ಯಾಂಡಿಂಗು! ಭೇಷ್!" ಎಂದು ಕೈ ಕುಲುಕಿದರು, ಮಾಸ್ತರ ಕೈಯನ್ನು.

"ನಾನಲ್ಲ ಸರ್, ಡಾಕ್ಟರು. ಒಬ್ಬರೇ ಹಾರಿದ್ರು. ನಾನು ಆ ಕೊನೇಲಿ ಹುಲ್ಲಿನ ಮೇಲಿದ್ದೆ."

ಮುಖ್ಯಸ್ಥರು ನಕ್ಕರು. "ಡಾಕ್ಟರು ರೇಡಿಯೋ ಗುಂಡಿ ಒತ್ತಿದವರು ಬಿಡಲೇ ಇಲ್ಲ ಮಾರಾಯ್ರೆ. ಸುತ್ತು ಮುಗಿಯೋವರೆಗೂ ನಿಮ್ಮಿಬ್ಬರ ಸಂಸಾರ ನನ್ನ ಮೇಜಿನ ಮೇಲಿನ ರೇಡಿಯೋದಲ್ಲಿ ನಡೀತಿತ್ತು. 'ಕೈ ತೆಗೀರಿ, ನಾನೇ ಇಳಿಸ್ತೀನಿ' ಅಂದಿದ್ದು ನಿಮ್ಮ ಧ್ವನಿ ಅಲ್ವಾ?"

ಮಾಸ್ತರು ಕಕ್ಕಾಬಿಕ್ಕಿಯಾಗಿ ಡಾಕ್ಟರ ಕಡೆ ತಿರುಗಿದರು. ಡಾಕ್ಟರ ಕಾಲರಿನಿಂದ ವೈರಿನ ತುದಿ ಇಣುಕುತ್ತಿತ್ತು.

"ಇಲ್ಲಾ ಯಾರಾದ್ರೂ ವಿಮಾನಕ್ಕೆ ಏನಾದ್ರೂ ಸಿಕ್ಕಿಸಿದ್ರೋ?" ಮುಖ್ಯಸ್ಥರ ನಗು ಇಳಿಯಿತು. "ಹಾಗಿದ್ರೆ ಈಗಲೇ ಹೇಳಿ. ಸಿಕ್ಕಿಸಿದವರೂ ನೋಡದೆ ಬಿಟ್ಟವರೂ ಒಂದೊಂದು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ."

ಮಾಸ್ತರು ಡಾಕ್ಟರ ಹೆಗಲ ಮೇಲೆ ಕೈ ಹಾಕುವಂತೆ ಮಾಡಿ ವೈರನ್ನು ಒಳಗೆ ತುರುಕಿದರು.

"ನಂದೇ ಧ್ವನಿ ಸರ್. ಒಳಗೇ ಇದ್ದೆ."

ಮುಖ್ಯಸ್ಥರು ಡಾಕ್ಟರ ಮುಖ ನೋಡಿದರು. ಡಾಕ್ಟರಿಗೆ ಒಂದು ಕ್ಷಣ ಇದ್ದದ್ದನ್ನು ಇದ್ದಂತೆ ಕಿರುಚಿಬಿಡೋಣ ಅನ್ನಿಸಿತು. ಹನ್ನೊಂದು ತಿಂಗಳ ಮೇಲೆ ಇನ್ನೊಂದು ವರ್ಷ.

"ಹೌದು ಸರ್," ಎಂದರು. "ಪಕ್ಕದಲ್ಲೇ ಇದ್ರು."

"ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಹನ್ನೊಂದು ತಿಂಗಳಾದ್ಮೇಲೂ ಅಷ್ಟು ಬೈಸಿಕೊಳ್ಳೋರನ್ನ ಒಬ್ಬರೇ ಮೇಲೆ ಕಳಿಸೋಕೆ ನನಗೆ ಮನಸ್ಸು ಬರಲ್ಲ. ಸೋಮವಾರದಿಂದ ಮೊದಲನೇ ಪಾಠ." ಮುಖ್ಯಸ್ಥರು ಹೊರಡುತ್ತ ಮಾಸ್ತರ ಕಡೆ ತಿರುಗಿದರು. "ನೀವೇ ಹೇಳ್ಕೊಡಿ. ಸ್ವಲ್ಪ ಮೆತ್ತಗೆ ಮಾತಾಡಿ ಮಾರಾಯ್ರೆ. ಪಾಪ, ಮನುಷ್ಯ ನೆಲದ ಮೇಲೂ ನಡುಗ್ತಿದಾರೆ."