ಸಂಸತ್ತಿಗೆ ಹೋದ ನಮ್ಮ ಮನೆಯ ಮಂಗ

ಈ ಸಂಗತಿಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಲೂ ಇದ್ದೇನೆ, ತಪ್ಪಿಸಿಕೊಳ್ಳುತ್ತಲೂ ಇದ್ದೇನೆ. ಮಳೆಗಾಲ ಮುಗಿಯಲಿ ಎಂದೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಎಂದೆ, ಡಾಕ್ಟರು ತೆಗೆದೇಬಿಟ್ಟರು. ಈಗ ಅಕ್ಷರಗಳೂ ಚೆನ್ನಾಗಿ ಕಾಣುತ್ತವೆ, ನನ್ನ ತಪ್ಪೂ ಚೆನ್ನಾಗಿ ಕಾಣುತ್ತದೆ. ಮುಂದೆ ಹಾಕುವುದಕ್ಕಾಗಿ ಇನ್ನೊಂದು ಕಾಯಿಲೆ ಹುಡುಕುವ ಉಮೇದು ಈ ವಯಸ್ಸಿನಲ್ಲಿ ಉಳಿದಿಲ್ಲ.

ಎಲ್ಲಕ್ಕೂ ಮೂಲ ನನ್ನ ಗಂಟಲು. ನಾನು ಧಾರವಾಡದ ಕಡೆಯ ಹಳ್ಳಿಯಲ್ಲಿ ಮೆಟ್ರಿಕ್ ಮುಗಿಸಿ ದಾಂಡೇಲಿಗೆ ಬಂದವನು. ಕಾಗದದ ಗಿರಣಿಯಲ್ಲಿ ಮಷೀನಿನ ಪಕ್ಕ ನಿಂತು ನಿಂತೇ ತಲೆ ಬೆಳ್ಳಗಾಯಿತು. ಆ ಸಪ್ಪಳದಲ್ಲಿ ‘ಒಂದು ಗುಟುಕು ನೀರು ಕೊಡು’ ಎನ್ನುವುದಕ್ಕೂ ಬಹಿರಂಗ ಸಭೆಯಲ್ಲಿ ಭಾಷಣ ಮಾಡುವಷ್ಟು ಕೂಗಬೇಕು. ಕೂಗಿ ಸಾಕಾದಾಗ ಕೈಸನ್ನೆ. ಅಂಗೈಯನ್ನು ಕೊರಳ ಮುಂದೆ ಅಡ್ಡ ಎಳೆದರೆ ‘ಮಷೀನು ನಿಲ್ಲಿಸು’ ಎಂದರ್ಥ. ನಿವೃತ್ತನಾಗಿ ಅಲ್ಲೇ ಹತ್ತಿರದ ಅಂಬೇವಾಡಿಯಲ್ಲಿ ಮನೆ ಮಾಡಿದಾಗ ಮಷೀನು ಹಿಂದೆ ಉಳಿಯಿತು, ದನಿ ಮಾತ್ರ ನನ್ನ ಬೆನ್ನು ಹತ್ತಿ ಬಂತು. ನಾನು ಹೆಂಡತಿಯ ಕಿವಿಯಲ್ಲಿ ಹೇಳಿದ ಗುಟ್ಟಿಗೆ ಎದುರುಮನೆಯವರು ಉತ್ತರ ಕೊಟ್ಟದ್ದುಂಟು. ಅವಳು ತನ್ನ ತವರಿನವರ ಬಗ್ಗೆ ನನ್ನ ಅಭಿಪ್ರಾಯ ಕೇಳುವುದನ್ನು ಬಿಟ್ಟದ್ದು ಇದೇ ಕಾರಣಕ್ಕೆ.

ಆದರೆ ಈ ದನಿಯಿಂದ ನನಗೆ ಓಣಿಯಲ್ಲಿ ಒಂದು ಮರ್ಯಾದೆಯೂ ಬಂತು. ನಮ್ಮಲ್ಲಿ, ಮುಖ್ಯವಾಗಿ ಗಿರಣಿಯಿಂದ ಬಂದವರಲ್ಲಿ, ಒಂದು ಪದ್ಧತಿಯಿದೆ. ದೊಡ್ಡವರು ಯಾರಾದರೂ ಊರಿಗೆ ಬಂದರೆ ಅವರ ಮುಂದೆ ಮಾತಾಡಲು ನಾವು ಆರಿಸುವುದು ತಿಳಿದವನನ್ನಲ್ಲ, ಕೇಳಿಸುವವನನ್ನು. ಹಾಗಾಗಿ ನೀರಿನ ಪೈಪು ಒಡೆದರೂ ನಾನೇ, ಬೀದಿದೀಪ ಕೆಟ್ಟರೂ ನಾನೇ. ನಾನು ಹೋಗಿ ಬಂದ ಮೇಲೂ ದೀಪ ಹತ್ತುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ‘ನಮ್ಮ ಬಸಣ್ಣ ಹೆಂಗ ಗದರಿಸಿದಾ’ ಎಂದು ಜನ ಕತ್ತಲೆಯಲ್ಲೇ ಸಂತೋಷಪಡುತ್ತಿದ್ದರು.

ನಮ್ಮ ಸಂಸದರು ಅಧಿವೇಶನಕ್ಕೆ ಹೋಗುವ ಮೊದಲು ಪ್ರವಾಸಿ ಮಂದಿರದಲ್ಲಿ ಜನರ ಅಹವಾಲು ಕೇಳುತ್ತಾರೆ ಎಂಬ ಸುದ್ದಿ ಬಂದಾಗ ಓಣಿಯವರೆಲ್ಲ ನನ್ನ ಮುಖ ನೋಡಿದರು. ನಮ್ಮ ಓಣಿಯ ತಕರಾರು ಒಂದೇ: ಮಂಗಗಳು. ಹಂಚು ತೆಗೆದು ಒಳಗೆ ಇಳಿಯುತ್ತವೆ, ಪಪ್ಪಾಯಿ ಗಿಡವನ್ನು ನಾವು ನೆಟ್ಟದ್ದೇ ತಮಗಾಗಿ ಎಂದು ತಿಳಿದಿವೆ. ಇದು ಒಂದು ವಾಕ್ಯದಲ್ಲಿ ಮುಗಿಯುವ ಮಾತು. ಆದರೆ ಅದೇ ವಾರ ಗೆಣಸಿನ ಬಾಯಿ ನಮ್ಮ ಕಟ್ಟೆಗೆ ಬಂದು ಕುಳಿತಳು.

ಆಕೆ ಜೋಯಿಡಾ ತಾಲ್ಲೂಕಿನವಳು. ಉಳವಿ ರಸ್ತೆಯಿಂದ ಒಳಗೆ ಕಾಡಿನಲ್ಲಿ ಊರು. ಅಲ್ಲಿಯ ಗೆಡ್ಡೆಗೆಣಸನ್ನು ಬುಟ್ಟಿಯಲ್ಲಿ ತುಂಬಿಕೊಂಡು ದಾಂಡೇಲಿ ಸಂತೆಗೆ ಬರುತ್ತಾಳೆ. ಮನೆಮಾತು ಕೊಂಕಣಿ. ನಮ್ಮ ಜೊತೆ ಆಡುವ ಕನ್ನಡಕ್ಕೆ ಮೂರು ಭಾಷೆಯ ಒಗ್ಗರಣೆ. ಆ ಕಡೆಯವರಲ್ಲಿ ಬಾಯಿ ಎಂದರೆ ಹೆಂಗಸು. ಎಷ್ಟೋ ವರ್ಷ ಆಕೆಯ ಗೆಣಸು ತಿಂದಿದ್ದೇವೆ, ‘ಗೆಣಸಿನ ಬಾಯಿ’ ಎಂದೇ ಕರೆದಿದ್ದೇವೆ.

“ಭಾವು, ಮಗಳು ಬಸುರಿ ಐತಿ. ಪಾವುಸ, ಮಳಿ, ಚಾಲೂ ಆದಮ್ಯಾಲ ದಿನ ತುಂಬತಾವು,” ಎಂದಳು. “ದವಾಖಾನಿ ಗಾಡಿ ಕರಿಯಾಕ ನಮ್ಮ ಊರಾಗ ಫೋನೇ ಹತ್ತೂದಿಲ್ಲ. ಗುಡ್ಡದ ಮ್ಯಾಲ ಒಂದು ಕಲ್ಲೈತಿ, ಅದರ ಮ್ಯಾಲ ನಿಂತ್ರ ಒಮ್ಮೆ ಲಾಗತದ, ಒಮ್ಮೆ ಇಲ್ಲ. ಸಾಯಬರಿಗೆ ಒಂದು ಟವರ್ ಕೇಳ್ರಿ. ನಿಮ್ಮ ಆವಾಜ್ ದಿಲ್ಲಿ ತನಕಾ ಹೋಗತದ.”

“ಬಾಯಿ, ಮೊದಲ ನಿನ್ನ ಟವರ್, ಆಮ್ಯಾಲ ನಮ್ಮ ಮಂಗ್ಯಾ,” ಎಂದು ನಾನು ಮಾತು ಕೊಟ್ಟೆ. ಆಕೆ ಹೊಗಳಿದ್ದಕ್ಕೆ ಎದೆ ಅರ್ಧ ಅಂಗುಲ ಉಬ್ಬಿತ್ತು. ನನ್ನ ಹೆಂಡತಿ ಒಳಗಿನಿಂದ, “ಹೇಳಿದ್ದಷ್ಟ ಮಾತಾಡಿ ಬರ್ರಿ,” ಎಂದಳು. ನಾನು ಎಂಥವನೆಂದು ಅವಳಿಗೆ ಗೊತ್ತು.

ಅಂದು ಪ್ರವಾಸಿ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳಿಯಾಳದವರು ಕಬ್ಬಿನ ಮಾತು ತಂದಿದ್ದರು, ಮುಂಡಗೋಡದವರು ಅತ್ತಿವೇರಿ ಕಡೆಯ ರಸ್ತೆಯ ಮಾತು ತಂದಿದ್ದರು. ಒಂದು ಗುಂಪಿಗೆ ಒಬ್ಬರೇ, ಐದೇ ನಿಮಿಷ ಎಂದು ಸಹಾಯಕರು ಸಾರುತ್ತಿದ್ದರು. ನನ್ನ ಹಿಂದೆ ಬುಟ್ಟಿ ಹಿಡಿದ ಬಾಯಿ. ಆಕೆಯ ಪಕ್ಕ ನನ್ನ ಹಳೆಯ ಗಿರಣಿ ಸಂಗಾತಿ ದಸ್ತಗೀರಸಾಬ. ನಮ್ಮ ಸರದಿ ಬಂತು. ಸಂಸದರು ಬೆಳಗಿನಿಂದ ಕೇಳಿ ಕೇಳಿ ದಣಿದಿದ್ದರು. ಟವರಿನಂಥ ಗಂಭೀರ ಮಾತಿಗೆ ಮೊದಲು ಸ್ವಲ್ಪ ಹಗುರ ಮಾಡೋಣ ಎಂದು ನನಗೆ ಅನ್ನಿಸಿತು. ಆ ‘ಸ್ವಲ್ಪ’ ಎಂಬುದೇ ನನ್ನ ಶತ್ರು. ಮಂಗಗಳಿಂದ ಶುರು ಮಾಡಿದೆ.

ಒಂದು ಚಳಿಯ ಬೆಳಗು. ನಾನು ಅಂಗಳದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದವನು ಬಚ್ಚಲಿಗೆ ಎದ್ದುಹೋದೆ. ಕುರ್ಚಿಯ ಬೆನ್ನಿಗೆ ನನ್ನ ಶಾಲು ಇತ್ತು. ಒಂದು ದೊಡ್ಡ ಮುಸುವ ಇಳಿದು ಬಂದು, ಕುರ್ಚಿಯಲ್ಲಿ ಕುಳಿತು, ಶಾಲಿಗೆ ಒರಗಿ, ಪೇಪರನ್ನು ಎತ್ತಿ ಹಿಡಿಯಿತು. ಕನ್ನಡಕ ಹಾಕಿಕೊಳ್ಳದ ನನ್ನ ಹೆಂಡತಿ ಹಿಂದಿನಿಂದ ಬಂದು, “ಚಹಾ ತಗೋರಿ,” ಎಂದು ಬಟ್ಟಲು ಪಕ್ಕಕ್ಕೆ ಇಟ್ಟು ಹೋದಳು. ನಾನು ಬಚ್ಚಲಿನಿಂದ ಬಂದು ಚಹಾ ಎಲ್ಲಿ ಎಂದರೆ, “ಈಗರ ಕೊಟ್ಟೆನಲ್ಲ! ಇವತ್ತ ಒಂದು ಮಾತಿಲ್ಲ, ಚೀರಾಟಿಲ್ಲ, ಎಷ್ಟ ಶಾಣ್ಯಾ ಆಗ್ಯಾರ ಅಂತ ನಾ ಖುಷಿಪಟ್ಟಿದ್ದೆ,” ಎಂದಳು.

ಸಂಸದರು ನಕ್ಕರು. ಸಾಮಾನ್ಯ ನಗೆಯಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವ ನಗೆ. ಕಬ್ಬಿನವರು ನಕ್ಕರು, ಪೊಲೀಸರು ನಕ್ಕರು. ಆ ನಗೆಯ ರುಚಿ ಹತ್ತಿದವನಿಗೆ ಬಾಯಿ ಮುಚ್ಚುವುದು ಬಹಳ ಕಷ್ಟ. ಎರಡನೆಯ ಮಂಗನ ಕಥೆಗೆ ಇಳಿದೆ. ಆಗ ಜನರ ತಲೆಗಳ ನಡುವೆ ದಸ್ತಗೀರಸಾಬ ಕಂಡ. ಅಂಗೈಯನ್ನು ಕೊರಳ ಮುಂದೆ ಅಡ್ಡ ಎಳೆಯುತ್ತಿದ್ದ. ಮಷೀನು ನಿಲ್ಲಿಸು. ಇನ್ನೊಮ್ಮೆ ಎಳೆದ. ಇಲ್ಲಿ ನಾನು ಸುಳ್ಳು ಹೇಳಬಾರದು. ನಾನು ಅದನ್ನು ನೋಡಿದೆ, ನನಗೆ ಅರ್ಥವೂ ಆಯಿತು. ಗಿರಣಿಯಲ್ಲಿ ಆ ಸನ್ನೆ ನೋಡಿಯೂ ಮಷೀನು ನಿಲ್ಲಿಸದಿದ್ದರೆ ಯಾರದಾದರೂ ಕೈ ಹೋಗುತ್ತದೆ. ಇಲ್ಲಿ ಯಾರ ಕೈ ಹೋಗುತ್ತದೆ ಎಂದುಕೊಂಡು ಮೂರನೆಯ ಮಂಗನಿಗೆ ಹೋದೆ. ಸಹಾಯಕರು ಗಡಿಯಾರ ನೋಡಿ ನನ್ನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಹೊರಗೆ ಬಂದ ಮೇಲೆ ದಸ್ತಗೀರಸಾಬ, “ಅರೇ ದೋಸ್ತ, ಟವರ್ ಎಲ್ಲಿ ಹೋತೋ?” ಎಂದ. ಅಷ್ಟರಲ್ಲಿ ಬಾಯಿ ನಮ್ಮನ್ನು ಬಿಟ್ಟು ಕಾರಿನ ಕಡೆ ನಡೆದಿದ್ದಳು. ಹೊರಟಿದ್ದ ಸಂಸದರು ನಿಂತು ಅವಳೊಡನೆ ಕೊಂಕಣಿಯಲ್ಲೇ ಮಾತಾಡಿದರು, ಹೆಸರೂ ಕೇಳಿದರು. ಏನು ಹೇಳಿದಳೋ, ಕಾರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ನೋಡಿದಿರಾ, ತಪ್ಪು ಸರಿಹೋಯಿತು ಎಂದು ನಾನು ಅಲ್ಲಿಯೇ ನನ್ನನ್ನು ಕ್ಷಮಿಸಿಬಿಟ್ಟೆ. ನನ್ನನ್ನು ಕ್ಷಮಿಸುವುದರಲ್ಲಿ ನಾನು ಬಹಳ ಚುರುಕು.

ನಮ್ಮ ಸಂಸದರು ಸಂಸತ್ತಿನಲ್ಲಿ ಮಾತಾಡುತ್ತಾರೆಂದು ತಿಳಿದ ದಿನ ಸಂತೆಯೂ ಇತ್ತು. ದಸ್ತಗೀರಸಾಬನ ಮಗನ ಗ್ಯಾರೇಜಿನಲ್ಲಿ ಹಳೆಯ ಬ್ಯಾಟರಿಗೆ ಮೊಬೈಲು ಒರಗಿಸಿ ಎಲ್ಲರೂ ಕುಳಿತೆವು. ಬಾಯಿ ಒಂದು ಟೈರಿನ ಮೇಲೆ ಕುಳಿತಳು. ಸಂಸದರು ಎದ್ದರು. ‘ಮಾನ್ಯ ಸಭಾಧ್ಯಕ್ಷರೇ, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದಲ್ಲಿ ಮಂಗಗಳ ಹಾವಳಿ ಎಷ್ಟಾಗಿದೆ ಎಂದರೆ, ನಮ್ಮ ಒಬ್ಬ ಹಿರಿಯ ಹೆಣ್ಣುಮಗಳು ಗಂಡನೆಂದು ತಿಳಿದು ಮಂಗಕ್ಕೆ ಚಹಾ ಕೊಟ್ಟಿದ್ದಾರೆ…’ ಕ್ಷಣ ಬಿಟ್ಟು, ಭಾಷಾಂತರ ಕಿವಿಗೆ ಮುಟ್ಟಿದ ಮೇಲೆ, ಇಡೀ ಸದನ ನಕ್ಕಿತು. ಆಡಳಿತದವರೂ ವಿರೋಧದವರೂ ಒಟ್ಟಿಗೆ ನಕ್ಕರು. ಯಾರೋ ಒಬ್ಬರು ಎದ್ದು ಗಂಡ ಯಾರೆಂದು ಈಗ ಗೊತ್ತಾಗಿದೆಯೇ ಎಂದು ಕೇಳಿದರು. ಮತ್ತೆ ನಗೆ. ಗ್ಯಾರೇಜಿನಲ್ಲಿ ನನಗೆ ಕೈಕುಲುಕಿದ್ದೇ ಕುಲುಕಿದ್ದು. ಆಗ ಸಂಸದರು ದನಿ ತಗ್ಗಿಸಿ, ‘ಇನ್ನೊಂದು ಮುಖ್ಯ ವಿಷಯ. ಜೋಯಿಡಾ ಕಾಡಿನ ಒಬ್ಬ ತಾಯಿ ನನ್ನ ಬಳಿ ಬಂದಿದ್ದರು, ಅವರ ಹೆಸರು…’ ಎಂದರು. ಗಂಟೆ ಹೊಡೆಯಿತು. ಮೈಕು ಬಂದ್ ಆಯಿತು. ತುಟಿ ಅಲುಗಾಡುತ್ತಲೇ ಇತ್ತು, ಆದರೆ ಪರದೆಯ ಮೇಲೆ ಬೇರೆ ರಾಜ್ಯದ ಸದಸ್ಯರು ಬಂದರು.

“ಆತು?” ಎಂದಳು ಬಾಯಿ. “ಮುಗೀತು?”

“ಮುಂದಿನ ಸಲ ಹೇಳ್ತಾರ ಬಾಯಿ,” ಎಂದೆ. ನನ್ನ ಜೀವನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಅದೊಂದೇ ಸಲ. ಆಕೆ ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದಳು.

ಮಳೆ ಶುರುವಾಯಿತು. ಮಗಳಿಗೆ ನೋವು ಬಂದಾಗ ಅಳಿಯ ಕಲ್ಲಿನ ಮೇಲೆ ನಿಂತು ಫೋನು ಹಿಡಿದು ಸುತ್ತ ತಿರುಗಿದನಂತೆ, ಹತ್ತಲಿಲ್ಲ. ಕೊನೆಗೆ ಕಟ್ಟಿಗೆ ಸಾಗಿಸುವ ಜೀಪೊಂದು ಸಿಕ್ಕಿ, ಜೋಯಿಡಾ ಮುಟ್ಟುವ ಮೊದಲೇ ದಾರಿಯಲ್ಲಿ ಕೂಸು ಹುಟ್ಟಿತು. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ಇದನ್ನು ಬಾಯಿಯೇ ಬಂದು ನಗುನಗುತ್ತಾ ಹೇಳಿದಳು. “ನಿಮ್ಮ ಮಂಗ್ಯಾನ ಭಾಗ್ಯ ಭಾರಿ ಭಾವು, ದಿಲ್ಲಿ ನೋಡಿ ಬಂತು,” ಎಂದು ಚೇಷ್ಟೆ ಮಾಡಿ, ಬುಟ್ಟಿಯಿಂದ ಎರಡು ದೊಡ್ಡ ಗೆಣಸು ತೆಗೆದು, ಕೂಸಿನ ಖುಷಿಗೆ ಎಂದು ನನ್ನ ಕೈಗೆ ಇಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು. ಗೆಣಸು ಕೊಟ್ಟಳು. ನಾನು ತಿಂದೆ, ಚೆನ್ನಾಗಿಯೇ ಇತ್ತು.

ಮುಂದಿನ ಅಧಿವೇಶನದಲ್ಲಿ ಸಂಸದರು ಮತ್ತೆ ಎದ್ದು, ಈ ಸಲ ಮಂಗಗಳನ್ನು ಬಿಟ್ಟು ಟವರನ್ನೇ ಮೊದಲು ಎತ್ತಿದರು. ಕಾಡಿನೊಳಗೆ ಕಬ್ಬಿಣ ಬಂತು, ಟವರು ನಿಂತಿತು. ಸಿಗ್ನಲ್ ಎಂಬ ಜೀವ ಮಾತ್ರ ಇನ್ನೂ ಬರಬೇಕು. ಸದ್ಯಕ್ಕೆ ಅದರ ತುದಿಯಲ್ಲಿ ಮಂಗಗಳು ಕೂರುತ್ತವೆಯಂತೆ. ಸಂಸತ್ತಿನಲ್ಲಿ ಪ್ರಸ್ತಾಪವಾದ ನಮ್ಮ ಎರಡೂ ವಿಷಯಗಳು ಹೀಗೆ ಒಂದರ ಮೇಲೊಂದು ಕುಳಿತಿವೆ.

“ಹೋಗಿ ಒಂದ ಮಾತು ತಪ್ಪಾತು ಅನ್ರಿ. ನಾಲಿಗಿ ಏನ್ ಸವೆಯೂದಿಲ್ಲ,” ಎಂದು ನನ್ನ ಹೆಂಡತಿ ಪ್ರತಿ ಸಂತೆಗೂ ಹೇಳುತ್ತಾಳೆ. ದೇಶದ ಮುಂದೆ ತನ್ನ ಚಹಾದ ಕಥೆ ಹೋದದ್ದಕ್ಕೆ ನಾನು ಅವಳ ಕ್ಷಮೆ ಕೇಳಿಯಾಗಿದೆ, ದಿನಕ್ಕೊಮ್ಮೆ ಕೇಳಿಸುತ್ತಾಳೆ. ಆದರೆ ಸಂತೆಗೆ ಹೋದರೆ ಬೇರೆ ತೊಂದರೆ. ತಪ್ಪಾಯಿತು ಎನ್ನಲು ತಗ್ಗಿದ ದನಿ ಬೇಕು. ನನ್ನ ದನಿಯಲ್ಲಿ ಅಂದರೆ ಮೀನಿನ ಸಾಲಿನವರೂ ತಿರುಗಿ ನೋಡುತ್ತಾರೆ. ಹೀಗೆಂದು ನನಗೆ ನಾನೇ ಹೇಳಿಕೊಂಡು, ಗೆಣಸು ಕೊಂಡು ಬರುತ್ತೇನೆ.

ಅದಕ್ಕೇ ಬರೆಯಲು ಕುಳಿತೆ. ಕಾಗದದ ಮೇಲೆ ಎಲ್ಲರ ದನಿಯೂ ಒಂದೇ ಅಳತೆ. ಬರೆದದ್ದನ್ನು ಓದಿ ದಸ್ತಗೀರಸಾಬ, “ಛಲೋ ಬರದಿ. ಆದ್ರ ಆಕಿಗೆ ಕನ್ನಡ ಓದಾಕ ಬರೂದಿಲ್ಲ, ಗೊತ್ತೈತಿಲ್ಲೋ?” ಎಂದ. ಗೊತ್ತಿತ್ತು. ಅದು ಗೊತ್ತಿದ್ದೇ ಧೈರ್ಯ ಬಂದದ್ದು ಎಂದು ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವನನ್ನೇ ಆಕೆಯ ಹೆಸರು ಕೇಳಿದೆ. “ಇಷ್ಟ ವರ್ಷ ಗೆಣಸ ತಿಂದಿ, ಹೆಸರ ಗೊತ್ತಿಲ್ಲೇನು?” ಎಂದು ಕೊರಳ ಮುಂದೆ ಅಂಗೈ ಎಳೆದು, ಆಮೇಲೆ ಹೇಳಿದ. ಈ ಸಲ ಆ ಸನ್ನೆಗೆ ಮರ್ಯಾದೆ ಕೊಟ್ಟು ನಿಲ್ಲಿಸುತ್ತೇನೆ. ಸಂಸತ್ತಿನಲ್ಲಿ ಮೈಕು ಬಂದ್ ಆದಾಗ ಅರ್ಧಕ್ಕೆ ಉಳಿದ ಆ ಹೆಸರು, ಭಾಗೀರಥಿ.