ಅಂಗಡಿಯೊಳಗ ಶಾಣ್ಯಾ, ಮನಿಯೊಳಗ ಹುಚ್ಚ

ನಮ್ಮ ಮನೆಯಲ್ಲಿ ಯಾವ ವಸ್ತುವೂ ತಾನೊಂದೇ ಕೆಡುವುದಿಲ್ಲ, ಮನೆಮಂದಿಯ ತಲೆಯನ್ನೂ ಜೊತೆಗೆ ಕೆಡಿಸುತ್ತದೆ. ಮಿಕ್ಸರ್ ಕೆಟ್ಟಾಗ ಹಾಗಾಯಿತು, ಫ್ಯಾನು ಕೆಟ್ಟಾಗ ಹಾಗಾಯಿತು. ಈ ವರ್ಷ ಸರದಿ ಸೊಸೆಯ ಲ್ಯಾಪ್‌ಟಾಪಿನದು. ಪೂರಾ ಕೆಟ್ಟಿದ್ದರೆ ಅತ್ತು ಸುಮ್ಮನಾಗುತ್ತಿದ್ದೆವು. ಅದು ಪೂರಾ ಕೆಡಲಿಲ್ಲ, ಅದೇ ನೋಡಿ ನಮ್ಮ ಕರ್ಮ.

೧. ಮಲಗಿದ ಟೀಚರ್

ಕಲ್ಯಾಣದ ಹತ್ತಿರದ ಶಹಾಡದ ಕಾರ್ಖಾನೆಯಲ್ಲಿ ನನ್ನ ಮಗನಿಗೆ ವಾರಕ್ಕೆ ಮೂರೇ ದಿನ ಕೆಲಸ ಅಂತಾಯಿತು. ಆಗ ಸೊಸೆ, ಬಿಎಸ್ಸಿ ಓದಿದವಳು, ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ನೌಕರಿ ಹಿಡಿದಳು. ಒಂದು ತಿಂಗಳು ಟ್ರಯಲ್. ತಿಂಗಳ ಕೊನೆಯ ಶುಕ್ರವಾರ ವಾಶಿಯ ದೊಡ್ಡ ಮೇಡಂ ತಮ್ಮ ಮನೆಯಿಂದಲೇ ಕ್ಲಾಸು ನೋಡಿ, ಇವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ಹೇಳುವವರು. ಮನೆ ನಡೆಯುವುದು ಆ ಶುಕ್ರವಾರದ ಮೇಲೆ ನಿಂತಿತ್ತು.

ನಾಲ್ಕನೇ ದಿನಕ್ಕೇ ಶುರುವಾಯಿತು ಲ್ಯಾಪ್‌ಟಾಪಿನ ಆಟ. ಕ್ಲಾಸ್ ಶುರುವಾಗಿ ಕಾಲು ತಾಸು ಚಂದ ಓಡುತ್ತದೆ. ಆಮೇಲೆ ಕುಂಟೆತ್ತಿನ ಗಾಡಿ. ಮಾತು ಮುಂದೆ ಹೋಗಿ ದಾರಿ ಕಾಯುತ್ತದೆ, ತುಟಿ ಹಿಂದಿನಿಂದ ಬರುತ್ತದೆ. ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತದೆ, ಆಮೇಲೆ ಒಮ್ಮೆಲೇ ನಾಲ್ಕು ಸಲ ಬೀಸುತ್ತದೆ.

ಒಂದು ದಿನ ಸೊಸೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ರ ನಿಂತಿತು. ಕಣ್ಣು ಮುಚ್ಚಿದ್ದು ಮುಚ್ಚಿದ ಹಾಗೇ, ಬಾಯಿ ಅರ್ಧ ತೆರೆದ ಹಾಗೇ. ಆ ಕಡೆ ಒಂದು ಹುಡುಗಿ ಅವರಮ್ಮನನ್ನು ಕೂಗಿ, "ಮಮ್ಮೀ, ಟೀಚರ್ ಸೋ ಗಯೀ!" ಅಂತು. ಸಂಜೆಗೆ ಆಫೀಸಿನಿಂದ ಫೋನು: ಟೀಚರ್ ಕ್ಲಾಸಿನಲ್ಲಿ ಮಲಗುತ್ತಾರಂತೆ, ಪಾಲಕರ ಕಂಪ್ಲೇಂಟ್ ಬಂದಿದೆ.

ಸೊಸೆ ಫೋನಿಟ್ಟು ಗೋಡೆಗೆ ಒರಗಿ ಕೂತಳು. "ಅತ್ತೀ, ನಳದ ನೀರಿಗೆ ನಸುಕಿನಾಗ ಎದ್ದಾಕಿ ನಾನು. ಈ ಮನಿಗೆ ಬಂದಾಗಿಂದ ಹಗಲಿನ್ಯಾಗ ಒಂದು ದಿನಾನೂ ಮಲಗಿಲ್ಲ. ಆ ಫೋಟೋದಾಗರ ಮಲಗೀನಲ್ಲ ಬಿಡ್ರಿ."

೨. ಕಾರ್ಖಾನೆಯ ವೈದ್ಯ

ಮಗ ಬಂದು ನೋಡಿದ. ಬಂದ್ ಮಾಡಿ ಚಾಲೂ ಮಾಡಿದ. ಹತ್ತು ನಿಮಿಷ ಸರಿಯಾಯಿತು, ಮತ್ತೆ ಅದೇ ಕುಂಟು. ಮತ್ತೆ ಬಂದ್, ಮತ್ತೆ ಚಾಲೂ. ಹೀಗೆ ಹಗಲೆಲ್ಲ ಮಾಡಿ, ಕಡೆಗೆ ಅದರ ಪಕ್ಕದ ಸಣ್ಣ ಕಿಂಡಿಗೆ ಕಿವಿ ಹಚ್ಚಿ ಕೂತ. ನಮ್ಮೂರ ಹೆರಿಗೆ ಮಾಡಿಸುವ ಮುದುಕಿ ಬಸುರಿಯ ಹೊಟ್ಟೆಗೆ ಕಿವಿ ಹಚ್ಚಿದ ಹಾಗೆ.

"ಒಳಗ ಫ್ಯಾನ್ ಭಾಳ ಒದ್ದಾಡ್ಲತ್ತದ," ಅಂದ.

"ಅಂದ್ರ?" ಅಂದಳು ಸೊಸೆ.

"ನಮ್ಮ ಕಾರ್ಖಾನ್ಯಾಗ ಯಾವ ಮಷೀನ್ ಹಿಂಗ ಸದ್ದು ಮಾಡಿದ್ರೂ ಒಂದೇ ಇಲಾಜು," ಅಂತ ಎದ್ದು, ಅಟ್ಟದ ಮೇಲಿಂದ ಎಣ್ಣೆಯ ಡಬ್ಬಿ ಇಳಿಸಿದ.

ಸೊಸೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಚ್ಚಲಿಗೆ ಓಡಿ ಒಳಗಿಂದ ಚಿಲಕ ಹಾಕಿಕೊಂಡಳು. ಇವನು ಹೊರಗೆ ಡಬ್ಬಿ ಹಿಡಿದು ನಿಂತು, "ಎರಡೇ ಎರಡು ಹನಿ!" ಅನ್ನುತ್ತಾನೆ. ಪೋಲಿಯೋ ಹಾಕಲು ಬಂದವರೂ ಬಾಗಿಲ ಮುಂದೆ ಅಷ್ಟು ಬೇಡಿಕೊಂಡದ್ದನ್ನು ನಾನು ನೋಡಿಲ್ಲ.

೩. ಮೆಟ್ಟಿಲ ಮೇಲಿನ ಶಾಲೆ

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಒಬ್ಬ ಅಮ್ಮ ಇದ್ದಾರೆ, ಗಂಡನದು ಡೊಂಬಿವಲಿಯಲ್ಲಿ ಹೋಟೆಲು. ಒಳ್ಳೆಯ ಜೀವ. ಆದರೆ ಯಾವ ರೋಗಕ್ಕೂ ಅವರ ಹತ್ತಿರ ಒಂದೇ ಕಾರಣ.

"ಅದು ನೆಟ್ ಮಾರಾಯ್ರೆ, ನೆಟ್! ಲ್ಯಾಪ್‌ಟಾಪಿಗೆ ಎಂಥ ಸಹ ಆಗ್ಲಿಲ್ಲ. ನಮ್ಮ ವೈಫೈ ಉಂಟಲ್ಲ, ತಗೊಳ್ಳಿ. ಆದ್ರೆ ಅದು ಎರಡನೇ ಮಾಳಿಗೆಯ ಮೆಟ್ಟಿಲಿನವರೆಗೆ ಮಾತ್ರ ಬರ್ತದೆ."

ಸರಿ, ಶಾಲೆ ಮೆಟ್ಟಿಲಿಗೆ ಹೋಯಿತು. ಸೊಸೆ ಒಂದು ಮೆಟ್ಟಿಲ ಮೇಲೆ, ಲ್ಯಾಪ್‌ಟಾಪ್ ಅವಳಿಗಿಂತ ಎರಡು ಮೆಟ್ಟಿಲು ಮೇಲೆ, ಕೆಳಗೆ ನಾನು ಕಾವಲು. ಲಿಫ್ಟಿಲ್ಲದ ಬಿಲ್ಡಿಂಗು. ಹಾಲಿನವನು ದಾಟಿದ, ಗ್ಯಾಸ್ ಸಿಲಿಂಡರು ಹೆಗಲಲ್ಲಿ ದಾಟಿತು. ನಾಲ್ಕನೇ ಮಾಳಿಗೆಯ ಮಾಸ್ತರರು ದಾಟುತ್ತಾ ನಿಂತು, "ಆ ಭಾಗಾಕಾರ ತಪ್ಪಿದೆ," ಅಂದು ಹೋದರು. ಇಷ್ಟಾದರೂ ಕಾಲು ತಾಸಿಗೆ ಕುಂಟೆತ್ತು ಹಾಜರ್.

ಉಡುಪಿಯಮ್ಮ ಸೋಲುವವರಲ್ಲ. "ನೆಟ್ ಬಂದ್ ಮಾಡಿ, ಒಳಗೆ ಇದ್ದದ್ದು ಯಾವುದಾದ್ರೂ ವಿಡಿಯೋ ಹಾಕಿ ನೋಡುವ. ಅದು ಸರಿ ಓಡಿದ್ರೆ ನಾನು ಹೇಳಿದ್ದೇ ಸತ್ಯ."

ಒಳಗಿದ್ದದ್ದು ಒಂದೇ, ಮಗ ಸೊಸೆಯ ಮದುವೆಯದು. ಹಾಕಿದರು. ಅದೂ ಕುಂಟಿತು! ಮಗನ ಕೈಯಲ್ಲಿ ತಾಳಿ. ಕೈ ಕೊರಳ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ. ಅಕ್ಕಿಕಾಳು ಗಾಳಿಯಲ್ಲೇ ನೇತಾಡುತ್ತವೆ. ಮತ್ತೆ ಕೈ ಒಂದು ಬೆರಳಷ್ಟು ಸರಿಯುತ್ತದೆ, ಮತ್ತೆ ನಿಲ್ಲುತ್ತದೆ. ನೆಟ್ಟಿನ ತಪ್ಪಲ್ಲ ಅಂತ ಸಾಬೀತಾಯಿತು. ಉಡುಪಿಯಮ್ಮನ ಮುಖ ಸಪ್ಪಗಾಯಿತು. ರೋಗ ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಇದೆ.

ಸೊಸೆ ಮಾತ್ರ ಆ ತಾಳಿಯ ಕೈಯನ್ನೇ ನೋಡುತ್ತಾ ಕೂತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಅಂದಳು: "ಖರೇ ಅಂದ್ರೂ ಅವತ್ತು ಇಷ್ಟು ಟೈಮ್ ಸಿಕ್ಕಿದ್ರ, ನಾ ಎದ್ದು ಹೋಗತಿದ್ದೆ."

೪. ಕಲ್ಯಾಣದ ಮೂರು ಯಾತ್ರೆ

ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಬ್ಬ ರಿಪೇರಿಯವನಿದ್ದಾನೆ. ತಾಯಿ ತಂದೆ ರಾಯಚೂರಿನವರು, ಇವನು ಹುಟ್ಟಿದ್ದು ಇಲ್ಲೇ. ನಾವು ಕನ್ನಡದಲ್ಲಿ ಹೇಳುತ್ತೇವೆ, ಅವನು ಎಲ್ಲ ತಿಳಿದುಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಾನೆ.

ಲೋಕಲ್ ಟ್ರೈನಿನಲ್ಲಿ ಲ್ಯಾಪ್‌ಟಾಪನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆವು. ಅವನು ಅದನ್ನು ಗಾಜಿನ ಕೌಂಟರಿನ ಮೇಲಿಟ್ಟು ಚಾಲೂ ಮಾಡಿದ. ಅರ್ಧ ತಾಸು, ಮುಕ್ಕಾಲು ತಾಸು. ಒಂದು ಸಲವೂ ನಿಲ್ಲಲಿಲ್ಲ! ನೀರು ಹರಿದ ಹಾಗೆ ಓಡಿತು. "ಆಂಟೀ, ಏಕದಮ್ ಮಸ್ತ್ ಹೈ," ಅಂದ. ಮನೆಗೆ ತಂದೆವು. ಕಾಲು ತಾಸಿಗೆ ಕುಂಟಿತು.

ಮತ್ತೆ ಹೋದೆವು. ಒಳಗಿನದೇನೋ ಹಳೆಯದಾಗಿದೆ ಅಂತ ಹೊಸದು ತುಂಬಿದ, ಚಿತ್ರ ತೋರಿಸುವ ಭಾಗವನ್ನೂ ತಪಾಸು ಮಾಡಿದ. ಅಲ್ಲಿ ಓಡಿತು, ಇಲ್ಲಿ ಕುಂಟಿತು. ನನಗೆ ನನ್ನ ಸಣ್ಣ ಮಗಳ ನೆನಪಾಯಿತು. ಮನೆಯಲ್ಲಿ ಹೊಟ್ಟೆ ಹಿಡಿದು ಹೊರಳಾಡುವಳು, ಡಾಕ್ಟರ ಬಾಗಿಲಿಗೆ ಹೋದೊಡನೆ ಜಿಂಕೆ ಆಗುವಳು. ಟ್ರೈನಿನಲ್ಲಿ ತೊಡೆಯ ಮೇಲಿನ ಲ್ಯಾಪ್‌ಟಾಪಿಗೆ ಬೈದೆ: "ಮಂದಿ ಮುಂದ ಶಾಣ್ಯಾ ಆಗ್ತಿ, ನಮ್ಮ ಮನಿಯಾಗ ಹುಚ್ಚ ಆಗ್ತಿ. ನಿನಗ ಏನು ಕಮ್ಮಿ ಮಾಡೀನೋ ನನ್ನಪ್ಪಾ?" ಎದುರು ಕೂತ ಹೆಂಗಸು ಮೆಲ್ಲಗೆ ಎದ್ದು ಬೇರೆ ಸೀಟು ನೋಡಿಕೊಂಡಳು.

ಮೂರನೇ ಸಲ ಹೋದಾಗ ಬುಧವಾರ. ದೊಡ್ಡ ಮೇಡಂ ನೋಡಲು ಇನ್ನು ಎರಡೇ ದಿನ. ಸೊಸೆಯ ಕಣ್ಣು ಅತ್ತು ಅತ್ತು ಬಾತಿದ್ದವು. ರಿಪೇರಿಯವನು ಎರಡು ತಾಸು ಓಡಿಸಿ, ತಲೆ ಕೆರೆದು, ಸೋತು ಹೇಳಿದ: "ಭಾಭೀ, ಮಷೀನ್ ಮೇ ಕುಛ್ ನಹೀ ಹೈ. ಪ್ರಾಬ್ಲಮ್ ಆಪ್‌ಕೇ ಘರ್ ಮೇ ಹೈ."

ಪ್ರಾಬ್ಲಮ್ ನಮ್ಮ ಮನೆಯೊಳಗೇ ಇದೆಯಂತೆ. ಸೊಸೆ ಹೊಳ್ಳಿ ನನ್ನ ಮುಖ ನೋಡಿದಳು.

೫. ಮನೆಯೊಳಗಿನ ಪ್ರಾಬ್ಲಮ್

ಅವನಿಗೂ ಹಟ ಹತ್ತಿತ್ತು. ಮರುದಿನ, ಗುರುವಾರ, ತಾನೇ ನಮ್ಮ ಠಾಕುರ್ಲಿ ಮನೆಗೆ ಬಂದ. "ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ ತೋರಿಸಿ," ಅಂತ ಹಿಂದಿಯಲ್ಲಿ ಹೇಳಿದ.

ಸೊಸೆ ಕೂತಳು. ನಾನು ದಿನದ ಹಾಗೆ ಲ್ಯಾಪ್‌ಟಾಪ್ ತಂದು ಟ್ರಂಕಿನ ಮೇಲಿಟ್ಟೆ. ಕಾಲು ತಾಸು ಕಳೆಯಿತು, ಕುಂಟೆತ್ತು ಬಂತು. ಅವನು ಲ್ಯಾಪ್‌ಟಾಪಿನ ಕೆಳಗೆ ಕೈ ಹಾಕಿದವನೇ ಚಟ್ಟನೆ ಹಿಂದೆಳೆದ. "ಅರೇ! ಇಸ್‌ಪೇ ತೋ ರೋಟೀ ಸಿಕ್ ಜಾಯೇಗೀ!" ಅದರ ಮೇಲೆ ರೊಟ್ಟಿ ಬೇಯುತ್ತದಂತೆ. ಆಮೇಲೆ ಎತ್ತಿ ಕೆಳಗೆ ನೋಡಿದ. "ಯೇ ಕ್ಯಾ ಹೈ?"

"ಕೌದಿ," ಅಂದೆ.

ಲ್ಯಾಪ್‌ಟಾಪ್ ಮನೆಗೆ ಬಂದ ವಾರವೇ ಅದಕ್ಕೆ ಅಂತ ಹೊಲಿದಿದ್ದೆ. ನಮ್ಮ ವಿಜಯಪುರದ ಕಡೆ ಹುಟ್ಟಿದ ಕೂಸಿನ ಕೆಳಗೆ ಕೌದಿ, ಬಂದ ಬೀಗರ ಕೆಳಗೆ ಕೌದಿ. ಬೆಲೆಯುಳ್ಳದ್ದನ್ನು ಬರಿ ನೆಲದ ಮೇಲೆ, ಬರಿ ತಗಡಿನ ಮೇಲೆ ಇಡುವ ಮನೆತನ ನಮ್ಮದಲ್ಲ. ನನ್ನ ಎರಡು ಹಳೆಯ ಇಳಕಲ್ ಸೀರೆ, ಮಗನ ಸಣ್ಣಂದಿನ ಅಂಗಿ, ನಾಲ್ಕು ಪದರು, ಒತ್ತೊತ್ತಾಗಿ ಹೊಲಿಗೆ ಹಾಕಿದ್ದೆ. ಮೆಟ್ಟಿಲಿನ ಮೇಲೂ ಅದನ್ನೇ ಹಾಸಿದ್ದೆ, ಕಲ್ಲು ತಣ್ಣಗಿತ್ತಲ್ಲ ಅಂತ. ಸೊಸೆಯೂ ನಮ್ಮ ಕಡೆಯವಳೇ, ಆ ಕೌದಿ ಅವಳ ಕಣ್ಣಿಗೂ ಬೀಳಲಿಲ್ಲ. ನಮ್ಮ ರೆಪ್ಪೆ ನಮಗೆ ಎಲ್ಲಿ ಕಾಣುತ್ತದೆ?

ರಿಪೇರಿಯವನು ಲ್ಯಾಪ್‌ಟಾಪನ್ನು ಬೋರಲು ಹಾಕಿ ಹೊಟ್ಟೆಯಲ್ಲಿದ್ದ ಸೀಳುಗಳನ್ನು ತೋರಿಸಿದ. ಅದು ಉಸಿರಾಡುವುದು ಅಲ್ಲಿಂದ. ಗಾಳಿ ಸಿಗದಿದ್ದರೆ ಮೈ ಕಾಯುತ್ತದೆ, ಮೈ ಕಾದರೆ ಸುಟ್ಟುಹೋಗಬಾರದಂತ ತಾನೇ ನಿಧಾನವಾಗುತ್ತದೆ, ಚಿತ್ರ ನಿಂತು ನಿಂತು ಓಡುತ್ತದೆ. ಅವನ ಕೌಂಟರಿನ ಮೇಲೆ ಕೌದಿ ಇರಲಿಲ್ಲ. ಇದ್ದದ್ದು ಇಷ್ಟೇ.

ನಾನು ಅಲ್ಲೇ ನೆಲಕ್ಕೆ ಕೂತೆ. ಮೂರು ವಾರ ಎಲ್ಲರಿಗೂ ಬೈದೆ, ನೆಟ್ಟಿಗೆ, ಮಗನಿಗೆ, ರಿಪೇರಿಯವನಿಗೆ. ಪಾಪ, ಆ ಲ್ಯಾಪ್‌ಟಾಪಿನ ಮೂಗು ಹಿಡಿದು ಓಡು ಓಡು ಅಂದವಳು ನಾನೇ. ಮಾಯೆ ಮಮತೆ ತೋರಿಸಲು ಹೋಗಿ ಸೊಸೆಯ ಅನ್ನಕ್ಕೆ ಕಲ್ಲು ಹಾಕಿದ್ದೆ. ಕಣ್ಣಲ್ಲಿ ನೀರು ಬಂತು.

ಮಗ ಕೌದಿ ಎತ್ತಿ, ತನ್ನ ಸಣ್ಣಂದಿನ ಅಂಗಿಯ ತುಂಡನ್ನು ಸವರುತ್ತಾ ಅಂದ: "ಅವ್ವಾ, ನಾ ಯಾಕ ಏಳನೇ ಕ್ಲಾಸಿನ್ಯಾಗ ಮೂರು ಸಲ ಫೇಲ್ ಆದೆ ಅಂತ ಈಗ ಗೊತ್ತಾತು. ನನ್ನನ್ನೂ ನೀ ಭಾಳ ಬೆಚ್ಚಗ ಇಟ್ಟಿದ್ದಿ."

೬. ಶುಕ್ರವಾರ

ಟ್ರಂಕಿನ ಮೇಲೆ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ, ಅವುಗಳ ಮೇಲೆ ಲ್ಯಾಪ್‌ಟಾಪು. ಕೆಳಗೆ ಗಾಳಿಗೆ ರಾಜಮಾರ್ಗ. ಕ್ಲಾಸು ಶುರುವಾಗಿ ಅರ್ಧ ತಾಸಾಯಿತು, ಒಮ್ಮೆಯೂ ನಿಲ್ಲಲಿಲ್ಲ. ನಾನು ಅಡುಗೆ ಜಾಗದಲ್ಲಿ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಕೈ ಜೋಡಿಸಿ ಕೂತಿದ್ದೆ. ಸದ್ದಾಗಬಾರದಲ್ಲ!

ಆಗ ದೊಡ್ಡ ಮೇಡಮ್ಮಿನ ಧ್ವನಿ ಬಂತು, ಹಿಂದಿಯಲ್ಲಿ: "ಟೀಚರ್, ನಿಮ್ಮ ವಿಡಿಯೋ ಮೇಲಿಂದ ಮೇಲೆ ನಿಲ್ಲುತ್ತಿದೆ. ನನಗೆ ಏನೂ ಕಾಣುತ್ತಿಲ್ಲ. ಹೀಗೇ ಇದ್ದರೆ ನಾನು ಬೇಡ ಅಂತಲೇ ಬರೆಯಬೇಕಾಗುತ್ತದೆ."

ಮಕ್ಕಳೆಲ್ಲ, "ನಹೀ ಮ್ಯಾಮ್, ಟೀಚರ್ ಠೀಕ್ ದಿಖ್ ರಹೀ ಹೈ," ಅಂದವು. ಮೇಡಂ ಕೇಳಲಿಲ್ಲ. ನಾನು ಬಾಗಿಲ ಸಂದಿಯಿಂದ ಬಗ್ಗಿ ನೋಡಿದೆ. ಪರದೆಯ ಮೂಲೆಯಲ್ಲಿ ಮೇಡಂ ಕಂಡರು. ಕುಂಟೆತ್ತು ಆ ಕಡೆ ಇತ್ತು! ಅವರ ಕೈ ನಿಂತು ನಿಂತು ಆಡುತ್ತಿತ್ತು. ಮಂಚದ ಮೇಲೆ ಕೂತಿದ್ದರು, ತೊಡೆಯ ಮೇಲೆ ದಪ್ಪನೆಯ ರಜಾಯಿ, ಅದರ ಮೇಲೇ ಲ್ಯಾಪ್‌ಟಾಪು ಇದ್ದಿರಬೇಕು. ಸೊಸೆಯೂ ಅದನ್ನು ನೋಡಿದಳು. ನೋಡಿದರೇನು, ಹೊಟ್ಟೆಗೆ ಅನ್ನ ಕೊಡುವವರಿಗೆ ತಪ್ಪು ನಿಮ್ಮದು ಅಂತ ಹೇಳುವವರು ಯಾರು? ಸುಮ್ಮನೆ ತಲೆ ತಗ್ಗಿಸಿದಳು.

ನನಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ನನ್ನ ಹರಕುಮುರುಕು ಹಿಂದಿಯಲ್ಲಿ ಕೂಗಿದೆ: "ಬಾಯೀ! ರಜಾಯಿ ನಿಕಾಲೋ! ಮಷೀನ್ ಕಾ ದಮ್ ಘುಟ್ತಾ ಹೈ! ಟೇಬಲ್ ಪೇ ರಖೋ!"

ರಜಾಯಿ ತೆಗೆಯಿರಿ, ಮಷೀನಿಗೆ ಉಸಿರು ಕಟ್ಟುತ್ತಿದೆ ಅಂತ. ಸೊಸೆ ಕಣ್ಣು ಮುಚ್ಚಿದಳು. ಆ ಕಡೆ ಏನೋ ಸರಿದಾಡಿದ ಸದ್ದು, ಮೇಜು ಎಳೆದ ಸದ್ದು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ನಿಧಾನವಾಗಿ ಮೇಡಮ್ಮಿನ ಚಿತ್ರ ನೆಟ್ಟಗಾಯಿತು. ಕಡೆಯ ಎರಡು ಲೆಕ್ಕಗಳನ್ನು ಕಣ್ಣು ಕೀಳದೆ ನೋಡಿದರು. ಕ್ಲಾಸು ಮುಗಿದು ಮಕ್ಕಳು ಹೋದ ಮೇಲೆ ಹೇಳಿದರು: "ಚಂದ ಕಲಿಸುತ್ತೀರಿ. ನಾಳೆಯಿಂದ ನೀವು ಪಕ್ಕಾ. ಆದರೆ ಆಗ ಮಾತಾಡಿದವರು ಯಾರು?"

ಸೊಸೆ ತಡವರಿಸಿದಳು. "ಅದು... ನಮ್ಮ ಟೆಕ್ನಿಕಲ್ ಟೀಮ್, ಮ್ಯಾಡಮ್."

"ಬಹಳ ಹುಷಾರು ಟೀಮು. ಸ್ವಲ್ಪ ಮುಂದೆ ಬರಲಿಕ್ಕೆ ಹೇಳಿ, ನೋಡುತ್ತೇನೆ."

ಬೇಡ ಅನ್ನುವ ಧೈರ್ಯ ಯಾರಿಗಿದೆ? ತಲೆಯ ಮೇಲೆ ಸೆರಗು ಎಳೆದುಕೊಂಡು, ಎರಡೂ ಕೈಗೆ ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ನಾನು ಪರದೆಯ ಮುಂದೆ ಬಂದು ಕೈ ಮುಗಿದೆ.

ಮೇಡಂ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟರು. ಕೈ ಅಲ್ಲಾಡಲಿಲ್ಲ, ಮುಖ ಅಲ್ಲಾಡಲಿಲ್ಲ.

ಸೊಸೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ದೈವಾ, ಮತ್ತ ಅಟಕಿ ನಿಂತಿತಲ್ಲ ಅತ್ತೀ!"

ನಾನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ ಹೇಳಿದೆ: "ಇಲ್ಲವಾ, ಮಷೀನ್ ಚಲೋ ಅದ. ಆಕೀ ಕಣ್ಣು ಪಿಳಿಪಿಳಿ ಬಡೀಲತ್ತಾವ ನೋಡು."